ಕಚ್ಚಿಕೊಂಡ ಚಕ್ರ

ಮೆಟ್ಟಿಲಿನಿಂದ ಜಾರಿಬಿದ್ದೆ ಎಂದು ಮಗಳು ಸ್ಟಾಂಕಾ ಹೇಳುವಾಗ ಬ್ಲಾಗೊಯ್ ಅವಳ ಕುತ್ತಿಗೆಯ ಮೇಲಿನ ಬೆರಳ ಗುರುತುಗಳನ್ನೇ ನೋಡುತ್ತಿದ್ದ. ಪೊಲೀಸರ ಬಳಿ ಹೋಗಿ ಬಂದಾಗಿತ್ತು. ಅಲ್ಲಿನ ಅಧಿಕಾರಿ ಅಳಿಯ ರುಮೆನ್‌ನ ಬೇಟೆಯ ಗೆಳೆಯ. ನನ್ನ ಮನೆಗೇ ಬಂದುಬಿಡು ಎಂದರೆ, "ಬಂದ್ರೆ ಅವನು ನಿನ್ನನ್ನೂ ಉಳಿಸಲ್ಲ ಅಪ್ಪ" ಎಂದಿದ್ದಳು.

ಅದೇ ವಾರ ರುಮೆನ್ ತನ್ನ ಹಳೇ ಲಾರಿಯನ್ನು ಮಾವನ ಗ್ಯಾರೇಜಿನ ಮುಂದಿನ ಇಳಿಜಾರಿನಲ್ಲಿ ತಂದು ನಿಲ್ಲಿಸಿದ. ಮುಂದಿನ ಎಡ ಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು.

"ಎಡಕ್ಕೇ ಎಳೀತಿದೆ ಮಾವ. ನಾಳೆ ಬೆಟ್ಟದಿಂದ ಮರ ಇಳಿಸ್ಬೇಕು."

"ನೋಡ್ತೀನಿ. ಒಳಗೆ ಹುರುಳಿಕಾಯಿ ಸಾರಿದೆ, ಉಣ್ಣು ಹೋಗು."

ಬ್ರೇಕಿನ ಕ್ಯಾಲಿಪರ್ ಇಕ್ಕಳದಂತೆ ಚಕ್ರದ ತಟ್ಟೆಯನ್ನು ಕಚ್ಚಿ ಹಿಡಿದಿತ್ತು. ಬ್ರೇಕ್ ಎಣ್ಣೆಯ ರಬ್ಬರ್ ಕೊಳವೆ ಒಳಗೇ ಊದಿಕೊಂಡು, ಒಮ್ಮೆ ಒತ್ತಿದ ಎಣ್ಣೆ ವಾಪಸಾಗುತ್ತಿರಲಿಲ್ಲ. ಹೊಸ ಕೊಳವೆ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಬ್ಲಾಗೊಯ್ ಅದನ್ನು ಮುಟ್ಟಲಿಲ್ಲ.

ಏನನ್ನೂ ಕತ್ತರಿಸಬೇಕಿಲ್ಲ, ಏನನ್ನೂ ಸಡಿಲಿಸಿ ಬಿಡಬೇಕಿಲ್ಲ. ಕ್ಯಾಲಿಪರಿನ ಪುಟ್ಟ ತಿರುಪನ್ನು ಕ್ಷಣಕಾಲ ಬಿಚ್ಚಿ ಎಣ್ಣೆ ಚಿಮ್ಮಿಸಿದರೆ ಹಿಡಿತ ತಪ್ಪುತ್ತದೆ. ಲಾರಿ ನೆಟ್ಟಗೆ ಓಡುತ್ತದೆ, ರುಮೆನ್ ನಂಬುತ್ತಾನೆ. ನಾಳೆ ಮರದ ಭಾರ ಹೊತ್ತು ಇಳಿಯುವಾಗ ಅದೇ ಕೊಳವೆ ಮತ್ತೆ ಕಟ್ಟಿಕೊಳ್ಳುತ್ತದೆ. ಚಕ್ರ ಕೆಂಪಗೆ ಕಾಯುತ್ತದೆ, ಎಣ್ಣೆ ಕುದಿಯುತ್ತದೆ, ಬ್ರೇಕು ಪಾದದಡಿ ಪೊಳ್ಳಾಗುತ್ತದೆ. ಆಮೇಲೆ ಪೊಲೀಸರಿಗೆ ಸಿಗುವುದು ತುಕ್ಕು ಹಿಡಿದ ಹಳೇ ಲಾರಿ, ಅಷ್ಟೆ. ಇಷ್ಟು ಸುಲಭವೇ ಎಂದು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಆದರೆ ಮಗಳ ಕುತ್ತಿಗೆ ಕಣ್ಣೆದುರಿಗೆ ಬಂತು.

ಒಳಗೆ ಚಮಚದ ಸದ್ದು ನಿಲ್ಲುವುದರಲ್ಲಿತ್ತು. ಹ್ಯಾಂಡ್‌ಬ್ರೇಕ್ ಎಳೆದಿರುವುದನ್ನು ನೋಡಿದ. ಆಮೇಲೆ ಹಿಡಿತ ತಪ್ಪಿದ ಮೇಲೆ ಲಾರಿಯನ್ನು ತುಸು ತಳ್ಳಿ ನೋಡಲು ಅನುಕೂಲವಾಗಲೆಂದು ಗೇರು ತಪ್ಪಿಸಿದ. ಕೆಳಗೆ ತೂರಿ, ತಿರುಪಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದ. ಬಿಸಿ ಎಣ್ಣೆ ಮುಖಕ್ಕೆ ಚಿಮ್ಮಿತು. ಲಾರಿ ಒಮ್ಮೆ ನಿಟ್ಟುಸಿರಿಟ್ಟಂತಾಗಿ ಚಲಿಸಿತು.

ಅವನ ತೊಡೆಗಳ ಮೇಲೆ ಹಾದು ಅದು ಕಾಂಪೌಂಡಿಗೆ ಗುದ್ದಿ ನಿಂತಿತು. ರುಮೆನ್ ಓಡಿ ಬಂದು ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಂಬ್ಯುಲೆನ್ಸಿಗೆ ಫೋನ್ ಮಾಡಿದ, ಆಮೇಲೆ ಹೆಂಡತಿಗೆ. "ಅಳ್ಬೇಡ್ವೇ. ಇನ್ಮೇಲೆ ನಿಮ್ಮಪ್ಪ ನಮ್ಮನೇಲೇ ಇರ್ತಾನೆ. ನಾನು ನೋಡ್ಕೋತೀನಿ."

"ಹ್ಯಾಂಡ್‌ಬ್ರೇಕ್... ಎಳೆದಿತ್ತಲ್ಲೋ," ಎಂದ ಬ್ಲಾಗೊಯ್. "ಅದರ ತಂತಿ ಚಳಿಗಾಲದಲ್ಲೇ ಕಿತ್ತೋಯ್ತು ಮಾವ," ಎಂದು ರುಮೆನ್ ಅವನ ಮುಖದ ಎಣ್ಣೆ ಒರೆಸಿದ. "ಎಳೆಯೋದು ಬರೀ ಅಭ್ಯಾಸ. ಗೇರು ಬಿಟ್ರೆ ಇಷ್ಟೊತ್ತು ಲಾರೀನ ಹಿಡಿದು ನಿಲ್ಲಿಸಿದ್ದು ಆ ಕಚ್ಕೊಂಡಿದ್ದ ಚಕ್ರ ಒಂದೇ."