ಎರಡು ಬೀಗದ ಪೆಟ್ಟಿಗೆ

ತಲೆ ಮೇಲೆ ಕಿರೀಟ, ಬಾಯಲ್ಲಿ ಮೆಲುಕು, ಬೆಳಗಾದರೆ ಮೊಟ್ಟೆ. ಏನದು, ಹೇಳಿ? ಬಿಡಿ, ನಿಮ್ಮ ಮೇಷ್ಟ್ರಿಗೂ ಬರಲ್ಲ. ಉತ್ತರ ದಾರೀಲಿ ಸಿಗುತ್ತೆ, ಬನ್ನಿ.

ನಮ್ಮಜ್ಜನ ಅಜ್ಜನಿಗೂ ಹಲ್ಲು ಹುಟ್ಟಿರದ ಕಾಲದಲ್ಲಿ ಹೊಂಗಿರಿ ಅಂತ ಒಂದು ರಾಜ್ಯ. ಅಲ್ಲಿನ ದೊರೆಯನ್ನು ಗುಂಗುರುಗಡ್ಡ ಅನ್ನೋ ಮಾಂತ್ರಿಕನೊಬ್ಬ ಕೋಣ ಮಾಡಿಬಿಟ್ಟ. ಅಮಾವಾಸ್ಯೆಯೊಳಗೆ ಮಾಟ ಬಿಡಿಸದಿದ್ದರೆ ದೊರೆ ಕಡೇತನಕ ಕೋಣವೇ, ಸಿಂಹಾಸನ ಮಾಂತ್ರಿಕನಿಗೇ.

ಬಿಡಿಸುವ ಮಂತ್ರ ಗೊತ್ತಿದ್ದದ್ದು ಹೊಳೆಯಾಚೆಯ ಗೌರಜ್ಜಿಗೆ. ಹೊಳೆಗೆ ದೋಣಿ ಒಂದೇ, ಅಂಬಿಗ ಗುಂಗುರುಗಡ್ಡನೇ! ಮನುಷ್ಯರನ್ನು ಹತ್ತಿಸಲ್ಲ, ಸಾಮಾನು ಮಾತ್ರ. ಸಾಮಾನು ಮುಟ್ಟಿಸದಿದ್ದರೆ, ಒಡೆದರೆ, ದೋಣಿ ಮುಳುಗಲಿ ಅಂತ ಅವನಿಗೆ ಶಾಪ. ಇಣುಕಿದರೆ, ತಿದ್ದಿದರೆ ಏನೂ ಇಲ್ಲ; ಶಾಪ ಕೊಟ್ಟವರು ಅದನ್ನು ಸೇರಿಸೋಕೆ ಮರೆತಿದ್ದರು. ನಿಮ್ಮ ಫೋನಿನ ಸಂದೇಶವೂ ಹೀಗೇ ಯಾರ್ಯಾರದೋ ಯಂತ್ರ ಹತ್ತಿ ಇಳಿದೇ ಬರೋದು.

ದೊರೆ ಬೀಗ ಮಾಡುವ ಹೊನ್ನಿಯನ್ನು ಕರೆಸಿದ. "ಮಂತ್ರ ತರಿಸು. ಇಲ್ಲಾಂದ್ರೆ ತಲೆ ಹೋಗುತ್ತೆ."

"ಯಾರದು, ಪ್ರಭು?"

"ನಿಂದು ಕಣೇ!"

ಮೊದಲ ಸಲ ಅಜ್ಜಿ ಚೀಟಿಯಲ್ಲಿ ಮಂತ್ರ ಬರೆದು ಕಳಿಸಿದಳು. ಗುಂಗುರುಗಡ್ಡ ದಾರೀಲಿ ಒಂದಕ್ಷರ ತಿದ್ದಿದ. ಹೊನ್ನಿ ಓದಿದಳು. ಕೋಣಕ್ಕೆ ರೆಕ್ಕೆ ಬಂತು.

ಎರಡನೇ ಸಲ ಅಜ್ಜಿ ಪೆಟ್ಟಿಗೆಗೆ ಬೀಗ ಹಾಕಿದಳು, ಕೀಲಿಯನ್ನೂ ಅದೇ ದೋಣಿಯಲ್ಲೇ ಕಳಿಸಿದಳು! ಹೊನ್ನಿ ಓದಿದಳು. ಕೋಣ ಮೊಟ್ಟೆ ಇಟ್ಟಿತು.

"ಲೇ ಹೊನ್ನಿ, ನಾನು ದೊರೆ, ಕೋಳಿ ಅಲ್ಲ!"

"ಕಾವಿಗೆ ಕೂರಬೇಡಿ ಪ್ರಭು, ಇನ್ನೊಂದು ಸಲ ನೋಡ್ತೀನಿ."

ಹೊನ್ನಿ ಬರೆದಳು: "ಅಜ್ಜಿ, ಕೀಲಿ ನಿಮ್ಮ ಹತ್ರವೇ ಇರಲಿ." ಗುಂಗುರುಗಡ್ಡ ಓದಿ ಬಿದ್ದು ಬಿದ್ದು ನಕ್ಕ. "ಬೀಗ ಏನು ಹಲ್ಲಲ್ಲಿ ಕಚ್ಚಿ ತೆಗೀತಾಳಾ?"

ಬೀಗ ಹಾಕಿದ ಪೆಟ್ಟಿಗೆ ಬಂತು. ಹೊನ್ನಿ ಅದಕ್ಕೆ ತನ್ನದೂ ಒಂದು ಬೀಗ ಜಡಿದು ವಾಪಸ್ ಕಳಿಸಿದಳು.

"ಅಯ್ಯೋ ಮೂಳಿ, ತೆಗಿ ಅಂದ್ರೆ ಇನ್ನೊಂದು ಹಾಕ್ತೀಯಾ!" ದೊರೆ ಗೋಡೆಗೆ ಕೊಂಬು ಗುದ್ದಿದ.

ಆಚೆ ದಡದಲ್ಲಿ ಅಜ್ಜಿ ಹೊಸ ಬೀಗದ ಮೇಲೆ ಬೆರಳಾಡಿಸಿದಳು. ಹೊನ್ನಿಯ ಮನೆತನದ ನವಿಲಚ್ಚು ಇತ್ತು, ಕಳ್ಳನ ಬೀಗವಲ್ಲ. ಆಮೇಲೆ ತನ್ನ ಬೀಗವನ್ನಷ್ಟೇ ತೆಗೆದು ಕಳಿಸಿದಳು. ಈಗ ಪೆಟ್ಟಿಗೆಗೆ ಉಳಿದದ್ದು ಹೊನ್ನಿಯ ಬೀಗ. ಅದರ ಕೀಲಿ ಹೊನ್ನಿಯ ಸೊಂಟದಲ್ಲಿ. ಅದು ದೋಣಿ ಹತ್ತಿದ್ದೇ ಇಲ್ಲ. ಗುಂಗುರುಗಡ್ಡ ಪೆಟ್ಟಿಗೆ ಅಲ್ಲಾಡಿಸಿದ, ಮೂಸಿದ, ಕಿವಿ ಇಟ್ಟ. ಗಡ್ಡ ಕಿತ್ತುಕೊಂಡ.

ಹೊನ್ನಿ ಓದಿದಳು. ದೊರೆ ಮನುಷ್ಯನಾದ. ಗುಂಗುರುಗಡ್ಡ ಕಪ್ಪೆಯಾಗಿ ಹೊಳೆಗೆ ಹಾರಿದ, ಎಲ್ಲರೂ ಹೋಳಿಗೆ ಉಂಡು ಸುಖವಾಗಿದ್ದರು.

ಕಪ್ಪೆ ನಾನೇ ಹೊಸೆದದ್ದು, ಬೈಬೇಡಿ. ನಿಜ ಹೇಳಲಾ? ಅವನು ಇನ್ನೂ ದೋಣಿ ನಡೆಸ್ತಿದ್ದಾನೆ.