ತೆಗೆದರೂ ಹೋಗದ ಬಾಕ್ಸ್

ಇನ್ನೂ ಮಗ್ಗಕ್ಕೇ ಏರದ ಸೀರೆ ಅಂಗಡಿಯ ಗಾಜಿನ ಹಿಂದೆ ನೇತಾಡುತ್ತಿತ್ತು.

ದೊಡ್ಡಬಳ್ಳಾಪುರದ ಪವರ್‌ಲೂಮ್ ಮಾಲೀಕ ವೆಂಕಟರಮಣಪ್ಪ ಪೇಟೆಬೀದಿಯಲ್ಲೇ ನಿಂತುಬಿಟ್ಟರು. ಅದೇ ನವಿಲಿನ ಬಾರ್ಡರ್. ಅದೇ ಸೆರಗು. ಆ ಡಿಸೈನ್ ಇದ್ದದ್ದು ಅವರ ಶೆಡ್ಡಿನ ಕಂಪ್ಯೂಟರಿನಲ್ಲಿ ಮಾತ್ರ. ನೇಯ್ದಿದ್ದು ಇನ್ಯಾರೋ.

ಸೀದಾ ಠಾಣೆಗೆ ಹೋಗಿ ದೂರು ಕೊಟ್ಟರು.

*

ಎಎಸ್‌ಐ ವರಲಕ್ಷ್ಮಮ್ಮ ಬಿಡುವು ಮಾಡಿಕೊಂಡು ಶೆಡ್ಡಿಗೆ ಬರುವಷ್ಟರಲ್ಲಿ ವಾರ ಕಳೆದಿತ್ತು. ಕಳ್ಳರು ಯಾರೆಂದು ಶೆಡ್ಡಿನವರೇ ತೀರ್ಮಾನ ಮಾಡಿ ಮುಗಿಸಿದ್ದರು. ನೇಕಾರರೆಲ್ಲರ ಮುಂದೆ ಕಳ್ಳಿ ಅನ್ನಿಸಿಕೊಂಡ, ಡಿಸೈನ್ ಬಿಡಿಸುವ ಹುಡುಗಿ ಸಿಂಚನ ಶೆಡ್ಡಿನ ಆಫೀಸ್ ಕೋಣೆಯ ಮೂಲೆಯಲ್ಲಿ ನಿಂತಿದ್ದಳು.

"ಇವಳೇ ಮೇಡಂ," ಎಂದ ಮಾಲೀಕರ ಅಳಿಯ ರವಿಚಂದ್ರ. "ಸಿಸ್ಟಮ್ ಆನ್ ಮಾಡಿದ್ರೆ ಅದೇನೋ ಬಾಕ್ಸ್ ಬರುತ್ತೆ. ಕೇಳಿದ್ರೆ ಗೊತ್ತಿಲ್ಲ ಅಂತಾಳೆ."

"ದಿನಾ ತೆಗೀತೀನಿ, ದಿನಾ ಬರುತ್ತೆ!" ಸಿಂಚನ ಸಿಡಿದಳು. "ಸಾಕಾಗಿಹೋಗಿದೆ ನಂಗೆ. ನೀವೇ ನೋಡಿ ಮೇಡಂ."

ಕಂಪ್ಯೂಟರ್ ಆನ್ ಮಾಡಿದಳು. ತೆರೆಯ ಮೇಲೆ ಬಾಕ್ಸ್ ಬಂತು. ಇಂಥ ಫೈಲ್ ಸಿಗುತ್ತಿಲ್ಲ ಎಂಬ ಗೋಳು. ಕಂಪ್ಯೂಟರ್ ಜೊತೆ ತಾವಾಗೇ ಶುರುವಾಗುವವುಗಳ ಸ್ಟಾರ್ಟಪ್ ಪಟ್ಟಿಗೆ ಹೋಗಿ ಅಲ್ಲಿದ್ದದ್ದನ್ನೆಲ್ಲ ಆಫ್ ಮಾಡಿದಳು. ರೀಸ್ಟಾರ್ಟ್. ಮತ್ತೆ ಅದೇ ಬಾಕ್ಸ್. ಸಾಫ್ಟ್‌ವೇರ್‌ಗಳ ಪಟ್ಟಿ ತೆರೆದಳು. ಬಾಕ್ಸಿನಲ್ಲಿದ್ದ ಹೆಸರೇ ಅಲ್ಲಿಲ್ಲ.

ಇಲ್ಲದ್ದನ್ನು ತೆಗೆಯೋದು ಹೇಗೆ? ವರಲಕ್ಷ್ಮಮ್ಮನಿಗೂ ತಲೆ ಕೆಟ್ಟಿತು.

"ಯಾವಾಗಿಂದ ಈ ಕಾಟ?"

"ಸಾಹುಕಾರ್ರು ದೂರು ಕೊಟ್ಟ ಮಾರನೇ ದಿನದಿಂದ."

ವರಲಕ್ಷ್ಮಮ್ಮ ಮೊಬೈಲಿನಲ್ಲಿ ಬಾಕ್ಸಿನ ಫೋಟೊ ಹೊಡೆದುಕೊಂಡರು.

*

ಮೊದಲ ಅನುಮಾನ ಕಂಪ್ಯೂಟರ್ ರಿಪೇರಿ ಮುನಿಕೃಷ್ಣನ ಮೇಲೆ. ವರಲಕ್ಷ್ಮಮ್ಮ ಅವನ ಅಂಗಡಿಗೇ ಹೋದರು.

"ನೀನೇನಾದ್ರೂ ಹಾಕಿದ್ದೇನಪ್ಪಾ?"

"ಅಯ್ಯೋ, ಹೋದ ವರ್ಷವೇ ನನ್ನ ಬಿಡಿಸಿದ್ರು ಮೇಡಂ. ಅಳಿಯಂದಿರು ತಾವೇ ನೋಡ್ಕೋತೀವಿ ಅಂದ್ರು." ಫೋಟೊ ನೋಡಿ ಹುಬ್ಬೇರಿಸಿದ. "ಇದು ಬೇರೆ ಕಡೆ ಕೂತು ಈ ಕಂಪ್ಯೂಟರ್ ತೆರೆಯೋ ಸಾಫ್ಟ್‌ವೇರು. ಯಾರೋ ತರಾತುರೀಲಿ ಕಿತ್ತು ಹಾಕಿದ್ದಾರೆ. ಆದ್ರೆ ಆನ್ ಆದ ಕೂಡ್ಲೇ ಅದನ್ನ ಎಬ್ಬಿಸು ಅನ್ನೋ ಆರ್ಡರು ಟಾಸ್ಕ್ ಶೆಡ್ಯೂಲರ್ ಅನ್ನೋ ಬೇರೆ ಪಟ್ಟೀಲಿ ಉಳ್ಕೊಂಡಿದೆ. ಆ ಹುಡುಗಿ ಸ್ಟಾರ್ಟಪ್ ಪಟ್ಟಿಲಿ ತಲೆ ಚಚ್ಕೊಂಡ್ರೆ ಹೋಗಲ್ಲ."

"ಆರ್ಡರ್ ಹಾಕಿದ ತಾರೀಖು ಸಿಗುತ್ತಾ?"

"ಹೆಚ್ಚಾಗಿ ಅಲ್ಲೇ ಇರುತ್ತೆ."

*

ಮತ್ತೆ ಶೆಡ್ಡಿನ ಆಫೀಸಿನಲ್ಲಿ, ಮಾಲೀಕರೂ ಅಳಿಯನೂ ನೋಡುತ್ತಿರುವಂತೆ ಸಿಂಚನ ಶೆಡ್ಯೂಲರ್ ತೆರೆದು ಆ ಆರ್ಡರ್ ಹುಡುಕಿದಳು. ಇತ್ತು. ಅವಳ ಬೆರಳು ಡಿಲೀಟ್ ಕಡೆ ಓಡಿತು.

"ಮುಟ್ಟಬೇಡ ಕಣಮ್ಮಾ. ಸಾಕ್ಷಿ ಅದು."

ವರಲಕ್ಷ್ಮಮ್ಮ ತಾರೀಖು ಓದಿದರು. ಅದರ ಹಿಂದುಮುಂದಿನ ಡಿಸೈನ್ ಫೈಲುಗಳನ್ನೂ ತೆಗೆಸಿ ನೋಡಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಆ ತಾರೀಖಿನ ಮೇಲೆ ಕಪ್ಪು ಚುಕ್ಕೆ.

"ಅಮಾವಾಸ್ಯೆ ದಿನ ಮಗ್ಗ ಓಡಿಸ್ತೀರಾ ಯಜಮಾನ್ರೇ?"

"ಎಲ್ಲಾದ್ರೂ ಉಂಟಾ! ಎಲ್ಲರಿಗೂ ರಜ. ಮಗ್ಗಕ್ಕೆ ದೀಪ ಹಚ್ಚಿ ಬೀಗ ಹಾಕ್ಬಿಡ್ತೀವಿ."

"ಹೋದ ಅಮಾವಾಸ್ಯೆ ದೀಪ ಹಚ್ಚಿದ್ಯಾರು?"

"ನಾನೇ ಮೇಡಂ," ರವಿಚಂದ್ರ ಎದೆಯುಬ್ಬಿಸಿದ. "ಒಂದೇ ಬೀಗದ ಕೈ. ಮಾವ ನನ್ನ ಬಿಟ್ಟು ಬೇರೆಯವ್ರಿಗೆ ಕೊಡಲ್ಲ."

ವರಲಕ್ಷ್ಮಮ್ಮ ಮಾನಿಟರನ್ನು ಅವನ ಕಡೆ ತಿರುಗಿಸಿದರು.

"ಅವತ್ತೇ ಇದನ್ನ ಹಾಕಿರೋದು. ಹೊರಗೆ ಕೂತೇ ಡಿಸೈನ್ ಎತ್ತಿ ಬೇರೆ ಮಗ್ಗದವ್ರಿಗೆ ಕೊಟ್ಟಿದ್ದೀಯ. ಸೀರೆ ಸಿಕ್ಕಿಬಿದ್ದು ದೂರು ಬಂದ ಮೇಲೆ ಹೆದರಿ ಕಿತ್ತಿದ್ದೀಯ. ಪಟ್ಟಿಯಿಂದ ಹೆಸರು ಹೋಯ್ತು, ಎಲ್ಲಾ ಹೋಯ್ತು ಅಂದ್ಕೊಂಡೆ. ಎಬ್ಬಿಸೋ ಆರ್ಡರು ಉಳೀತು. ಅದು ದಿನಾ ಫೈಲ್ ಹುಡುಕ್ತು. ಸಿಗದೆ ಕೂಗ್ತು."

"ಆ ಕಂಪ್ಯೂಟರ್ ತಾರೀಖೇ ಸರಿ ಇಲ್ಲ ಮೇಡಂ..."

"ಅದೇ ದಿನದ ಹಿಂದುಮುಂದಿನ ಡಿಸೈನ್ ಫೈಲುಗಳನ್ನ ನೋಡ್ದೆ. ಅವುಗಳ ತಾರೀಖು ಸರಿಯಾಗೇ ಇದೆ. ಆ ಅಮಾವಾಸ್ಯೆ ದಿನ ಡಿಸೈನ್ ಕೆಲಸವೂ ಇಲ್ಲ, ಈ ಹುಡುಗಿಯೂ ಇಲ್ಲ. ಒಳಗಿದ್ದವನು ನೀನೊಬ್ಬನೇ."

ರವಿಚಂದ್ರ ಮಾವನ ಮುಖ ನೋಡಿದ. "ನನ್ನ ಹೆಸರಲ್ಲಿ ಒಂದು ಮಗ್ಗನಾದ್ರೂ ಹಾಕ್ಕೊಟ್ರಾ ನೀವು?" ಎಂದ. ಅಷ್ಟು ಸಾಕಾಗಿತ್ತು.

ಕಾನ್‌ಸ್ಟೇಬಲ್ ಅವನನ್ನು ಜೀಪಿಗೆ ಕರೆದೊಯ್ದ. ವೆಂಕಟರಮಣಪ್ಪ ಕುರ್ಚಿಯಲ್ಲಿ ಕೂತೇ ಸಿಂಚನಳ ಕಡೆ ತಿರುಗಿದರು.

"ನಾಳೆ ಕೆಲಸಕ್ಕೆ ಬರ್ತೀಯ ತಾನೇ ಮಗಾ?"

ಸಿಂಚನ ಬ್ಯಾಗ್ ಹೆಗಲಿಗೇರಿಸಿದಳು. "ಕಳ್ಳಿ ಅಂದಿದ್ದು ಅಷ್ಟೂ ಜನರ ಮುಂದೆ ಸಾಹುಕಾರ್ರೇ. ಅಲ್ಲ ಅಂತ ಇಲ್ಲಿ ಕೂತು ನನ್ನೊಬ್ಬಳಿಗೇ ಹೇಳ್ಬೇಡಿ."

ಅವರು ವರಲಕ್ಷ್ಮಮ್ಮನ ಕಡೆ ನೋಡಿದರು. ಆಕೆ ಬಾಗಿಲಿಂದ ಸರಿದು ಅವರಿಗೆ ದಾರಿ ಬಿಟ್ಟರು.

ವೆಂಕಟರಮಣಪ್ಪ ಎದ್ದು ಮಗ್ಗಗಳ ಕಡೆಗೆ ಹೋಗಿ ತಮ್ಮ ಕೈಯಾರೆ ಮೇನ್ ಸ್ವಿಚ್ ಇಳಿಸಿದರು. ಮಗ್ಗಗಳೆಲ್ಲ ನಿಂತವು. ನೇಕಾರರು ತಲೆಯೆತ್ತಿದರು.