ಕೇಳದೆ ತೆಗೆದ ಹೆಸರು

ಬೆಳಿಗ್ಗೆ ಹತ್ತೂವರೆಗೆ ವರದಿಯ ಪ್ರತಿಗಳನ್ನು ಹಂಚಿದರು. ಮುಖಪುಟದಲ್ಲಿ ಒಂದೇ ಹೆಸರಿತ್ತು. ಅದು ಅವಳದಾಗಿರಲಿಲ್ಲ.

ಬಡಾವಣೆಯ ಆಸ್ಪತ್ರೆಯ ಹೆರಿಗೆ ವಾರ್ಡನ್ನು ಮುಚ್ಚಬೇಕೇ ಬೇಡವೇ ಎಂದು ನಗರಾಡಳಿತ ಕಚೇರಿಯಲ್ಲಿ ಅಂದು ಬಹಿರಂಗ ವಿಚಾರಣೆ. ಮುಚ್ಚಬಾರದು ಎನ್ನುವ ಆ ವರದಿಯ ಬಹುಪಾಲು ಅವಳೇ ಬರೆದದ್ದು. ಹಿಂದಿನ ಸಾಲಿನಲ್ಲಿ ಕೂತು ಪುಟ ತಿರುವಿದಳು. ತನ್ನದೇ ವಾಕ್ಯಗಳು, ತನ್ನದೇ ಕೋಷ್ಟಕಗಳು. ಕೊನೆಯ ಪುಟದಲ್ಲೂ ತನ್ನ ಹೆಸರಿಲ್ಲ.

ಮೈಕಿನ ಮುಂದೆ ನಿಂತಿದ್ದವನ ಮುಖವನ್ನು ಅವಳು ನೋಡುತ್ತಿದ್ದುದು ಅದೇ ಮೊದಲು. ಆ ದನಿ ಮಾತ್ರ ಚೆನ್ನಾಗಿ ಗೊತ್ತಿತ್ತು.

ಅವನು ಬ್ರೇಕು. ಮುಖಪುಟದ ಹೆಸರೂ ಅವನದೇ.

ಸಾರ್ವಜನಿಕ ನೀತಿಯನ್ನು ಓದುವವರೂ ಕಚೇರಿಗಳಲ್ಲಿ ಅದನ್ನು ಜಾರಿ ಮಾಡುವವರೂ ಕೂಡಿ ಕಲಿಯುವ ಆನ್‌ಲೈನ್ ಪೋರ್ಟಲ್ಲಿನಲ್ಲಿ ಇಬ್ಬರಿಗೂ ಪರಿಚಯ. ಅಲ್ಲಿ ಎಲ್ಲರಿಗೂ ಅಡ್ಡಹೆಸರು, ಮುಖ ಕಾಣದೆ ದನಿಯಲ್ಲೇ ಚರ್ಚೆ, ಎಲ್ಲರೂ ಸೇರಿ ಬರೆಯಲು ಒಂದೇ ಕರಡು; ಆ ವರದಿಯೂ ಅಲ್ಲೇ ಬೆಳೆದದ್ದು. ಅವಳು ಎಂ.ಎ. ವಿದ್ಯಾರ್ಥಿನಿ, ಅಡ್ಡಹೆಸರು ಮೆಣಸಿನಕಾಯಿ. ಅವನು ನಗರಾಡಳಿತದ ಆರೋಗ್ಯ ವಿಭಾಗದ ಅಧಿಕಾರಿ, ಅಡ್ಡಹೆಸರು ಬ್ರೇಕು. ಅವಳು ಆವೇಶದಲ್ಲಿ ಏನು ಬರೆದರೂ ಪಕ್ಕದಲ್ಲಿ ಅವನ ಟಿಪ್ಪಣಿ ಬಂದು ನಿಲ್ಲುತ್ತಿತ್ತು: "ಇದರಿಂದ ಏಟು ಯಾರಿಗೆ ಬೀಳುತ್ತೆ? ಅವರನ್ನ ಕೇಳಿದ್ರಾ?"

ಆ ಪ್ರಶ್ನೆಗೆ ಉತ್ತರವಿಲ್ಲದ ಕರಡು ಮುಂದಕ್ಕೆ ಹೋಗುವಂತಿಲ್ಲ ಎಂಬುದು ಪೋರ್ಟಲ್ಲಿನ ನಿಯಮ.

ಅವಳು ಬೈದುಕೊಂಡೇ ಹೋಗಿ ಕೇಳಿಕೊಂಡು ಬರುತ್ತಿದ್ದಳು. ಬರಬರುತ್ತ ಆ ಟಿಪ್ಪಣಿಯ ಆಸೆಗೆ ಬೇಕೆಂದೇ ತಪ್ಪು ಬರೆಯತೊಡಗಿದ್ದಳು...

ಬಿಡುವಿನಲ್ಲಿ ಕಾರಿಡಾರಿನ ನೀರಿನ ಫಿಲ್ಟರ್ ಹತ್ತಿರ ಅವನನ್ನು ಹಿಡಿದಳು.

"ಬ್ರೇಕು ಅಂದ್ರೆ ನೀವೇ ತಾನೆ?"

ಅವನು ಲೋಟವನ್ನು ಫಿಲ್ಟರ್ ಮೇಲಿಟ್ಟ. "ಮೆಣಸಿನಕಾಯಿ..."

"ಪುಣ್ಯಕ್ಕೆ ಅಡ್ಡಹೆಸರಾದ್ರೂ ನೆನಪಿದೆ. ನಿಜವಾದ ಹೆಸರು ಎಲ್ಲಿ ಹೋಯ್ತು?"

ಪಕ್ಕದಲ್ಲಿ ಮೇಲಧಿಕಾರಿಗಳು ನಿಂತಿದ್ದರು. "ಇಲ್ಲಿ ಬೇಡ. ಆಮೇಲೆ ಹೇಳ್ತೀನಿ," ಎಂದ.

"ಹೆರಿಗೆ ವಾರ್ಡಿನ ವರದಿ ಅಲ್ವಾ? ಹೆತ್ತವಳು ನಾನು, ಹೆಸರಿಟ್ಕೊಂಡೋರು ನೀವು."

ಅವನು ಮೇಲಧಿಕಾರಿಗಳ ಕಡೆ ನೋಡಿ ಒಳಗೆ ನಡೆದುಬಿಟ್ಟ. ತಪ್ಪಿಲ್ಲದವನು ಹೀಗೆ ಜಾರಿಕೊಳ್ಳುತ್ತಾನೆಯೇ?

ಮಧ್ಯಾಹ್ನ ಜನರು ಮಾತಾಡುವ ಸರದಿ. ತಾನೂ ಎದ್ದು ಮಾತಾಡುತ್ತೇನೆ ಎಂದಿದ್ದ ಅಕ್ಕ ಬರಲೇ ಇಲ್ಲ. ಅವಳ ಅಕ್ಕ ಅದೇ ವಾರ್ಡಿನ ಗುತ್ತಿಗೆ ನರ್ಸು. ವಾರ್ಡಿನ ಒಳಗಿನ ಸಂಗತಿಗಳೆಲ್ಲ ವರದಿಗೆ ಸಿಕ್ಕಿದ್ದು ಅವಳಿಂದ. ಅದು ಗೊತ್ತಿದ್ದವನು ಬ್ರೇಕು ಒಬ್ಬನೇ.

ಮನೆಗೆ ಬಂದರೆ ಅಕ್ಕ ಯೂನಿಫಾರ್ಮ್ ಒಗೆದು ಹಿಂಡುತ್ತಿದ್ದಳು.

"ಸಭೆಗೆ ಯಾಕೆ ಬರ್ಲಿಲ್ಲ? ಡ್ಯೂಟಿ ಇತ್ತಾ?"

"ಡ್ಯೂಟಿ ಇನ್ಮೇಲೆ ಇಲ್ಲ ಕಣೇ. ಬೆಳಿಗ್ಗೆ ತೆಗೆದುಹಾಕಿದ್ರು."

ಹೆಸರು ಕದ್ದದ್ದು ಸಾಲದೆ ಅಕ್ಕನನ್ನೂ ತೋರಿಸಿಕೊಟ್ಟನೇ?

ಸಂಜೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಅವನೇ, ವರದಿಗೆಂದು ಅವಳು ಕೊಟ್ಟಿದ್ದ ವಿಳಾಸ ಹಿಡಿದು ಬಂದಿದ್ದ.

"ಇನ್ನೇನು ಬಾಕಿ ಉಳಿದಿದೆ ಅಂತ ಬಂದ್ರಿ? ಅಕ್ಕನ ಕೆಲಸ ಹೋಯ್ತು."

"ಹೋಯ್ತಾ? ಹೋಗಬಾರದು ಅಂತಾನೇ ನಿಮ್ಮ ಹೆಸರು ತೆಗೆದೆ. ಬರೆದವರು ಯಾರು, ಅವರ ಮನೆಯವರು ಯಾರು ಅಂತ ಮೇಲಿನವರು ವಿಚಾರಿಸ್ತಾ ಇದ್ರು. ನಿಮ್ಮಿಂದ ಅಕ್ಕನ ತನಕ ಹೋಗೋಕೆ ಅವರಿಗೆ ಎಷ್ಟು ಹೊತ್ತು?"

"ಒಳಗೆ ಬನ್ನಿ ಸಾರ್," ಅಕ್ಕ ಕೂಗಿದಳು. "ಬಾಗಿಲಲ್ಲೇ ಜಗಳ ಆಡಿದ್ರೆ ಅಕ್ಕಪಕ್ಕದವರಿಗೆ ಪುಕ್ಕಟೆ ನಾಟಕ."

ಅವನು ಕುರ್ಚಿಯ ಅಂಚಿನಲ್ಲಿ ಕೂತ. ಅಕ್ಕ ದನಿ ಏರಿಸದೆ ಹೇಳಿದಳು.

"ನಿನ್ನೆ ವರದಿ ಆಸ್ಪತ್ರೆಗೂ ಬಂತು. ಒಳಗಿನ ವಿಷಯ ಯಾರು ಕೊಟ್ಟಿದ್ದು ಅಂತ ಗೊತ್ತಾಗದೆ, ಅನುಮಾನ ನಮ್ಮ ಹಿರಿಯ ಸಿಸ್ಟರ್ ಮೇಲೆ ಬಿತ್ತು. ರಿಟೈರ್ ಆಗೋಕೆ ಬಂದ ಹೆಂಗಸು ಎಲ್ಲರ ಮುಂದೆ ಅಳ್ತಾ ನಿಂತಿದ್ರು. ನಾನೇ ಅಂತ ಒಪ್ಕೊಂಡೆ."

"ನಾನು ಅಂದ್ಕೊಂಡಿದ್ದು..."

"ಅಂದ್ಕೊಂಡ್ರಿ, ಕೇಳ್ಲಿಲ್ಲ. ಇವಳ ಹೆಸರಿದ್ದಿದ್ರೆ ಸಿಸ್ಟರ್ ಮೇಲೆ ಅನುಮಾನ ಬೀಳ್ತಿರಲಿಲ್ಲ. ಇವತ್ತು ಸಭೇಲಿ ನಾನೇ ಎದ್ದು ಹೇಳೋಳಿದ್ದೆ. ಊರೆದುರು ಹೇಳಿದವಳನ್ನ ತೆಗೆಯೋಕೆ ಅವರೂ ಅಂಜ್ತಿದ್ರು. ಈಗ ಕಳ್ಳಿ ಥರ ಸಿಕ್ಕಿಬಿದ್ದೆ. ಕೆಲಸ ಹೋದವಳು ಬಂದು ಮಾತಾಡಿದ್ರೆ ಸೇಡು ತೀರಿಸ್ಕೊಳ್ತಿದ್ದಾಳೆ ಅಂತಾರೆ."

ಅವಳು ಅಕ್ಕನ ಪಕ್ಕ ಬಂದು ನಿಂತಳು.

"ಏಟು ಯಾರಿಗೆ ಬೀಳುತ್ತೆ, ಅವರನ್ನ ಕೇಳಿದ್ರಾ?" ಎಂದಳು ಅವಳು. "ನನ್ನ ಪ್ರತಿ ಸಾಲಿಗೂ ಇದನ್ನೇ ಕೇಳಿದ್ರಿ. ನಿಮ್ಮ ಒಂದೇ ಒಂದು ಸಾಲಿಗೆ ಕೇಳ್ಕೊಳ್ಳಲಿಲ್ಲ."

"ಕೇಳಿದ್ರೆ ನೀವು ಬೇಡ ಅಂತೀರಿ ಅಂತ ಭಯ ಇತ್ತು. ನಾಳೆ ಕಚೇರಿಗೆ ಹೋಗಿ, ವರದಿ ನನ್ನದಲ್ಲ ಅಂತ ಬರೆದುಕೊಟ್ಟು..."

"ನೋಡಿ, ಮತ್ತೆ ನೀವೇ ತೀರ್ಮಾನ ಮಾಡ್ಕೊಂಡು ಬಂದಿದ್ದೀರಿ."

ಅವನು ಕುರ್ಚಿಯನ್ನು ಇಬ್ಬರ ಕಡೆಗೂ ತಿರುಗಿಸಿಕೊಂಡ. ಆಮೇಲೆ, "ಸರಿ. ಏನು ಮಾಡ್ಲಿ? ನೀವಿಬ್ಬರೂ ಹೇಳಿ," ಎಂದ.

"ಮೂರು ಹೆಸರೂ ಹಾಕಿ, ನನ್ನದೇ ಮೊದಲು," ಎಂದಳು ಅಕ್ಕ. "ಹೋಗೋದು ಹೇಗೂ ಹೋಗಿದೆ." ಚಹಾ ಮಾಡುವ ನೆಪದಲ್ಲಿ ಒಳಗೆ ಹೋದಳು.

"ಇನ್ನೊಂದು ವಿಷಯಾನೂ ನಿಮ್ಮನ್ನ ಕೇಳ್ಬೇಕು," ಎಂದ ಅವನು. "ನೀವಂದ್ರೆ ನನಗೆ ಇಷ್ಟ... ಮುಖ ನೋಡೋಕೆ ಮುಂಚಿನಿಂದಾನೂ. ನನ್ನ ಮದುವೆ ಆಗ್ತೀರಾ?"

ಅವಳ ಸಿಟ್ಟು ಇಳಿದಿರಲಿಲ್ಲ. ಕಣ್ಣು ಮಾತ್ರ ತುಂಬಿತು.

"ನನಗೂ ಇಷ್ಟಾನೇ. ಅದೇ ನನ್ನ ಸಂಕಟ. ಸದ್ಯಕ್ಕೆ ಇದು ಕರಡು ಅಂತ ಇಟ್ಕೊಳ್ಳಿ. ತಿದ್ದೋದು ಬೇಕಾದಷ್ಟಿದೆ."

"ಎಷ್ಟು ಬೇಕಾದ್ರೂ ತಿದ್ದಿ."

"ತಿದ್ತೀನಿ. ಕೇಳ್ಕೊಂಡೇ ತಿದ್ತೀನಿ. ನಿಮ್ಮ ಹಾಗಲ್ಲ."

ಮೂರು ಹೆಸರಿನ ವರದಿ ಮರುವಾರ ನಗರಾಡಳಿತಕ್ಕೆ ಹೋಯಿತು. ಅವನನ್ನು ಆರೋಗ್ಯ ವಿಭಾಗದಿಂದ ಬೀದಿದೀಪಗಳ ವಿಭಾಗಕ್ಕೆ ಎತ್ತಿಹಾಕಿದರು. ಅಕ್ಕನಿಗೆ ಹಳೆಯ ಕೆಲಸ ಸಿಗಲಿಲ್ಲ. ಬಸ್ಸು ಬದಲಿಸಿ ಹೋಗಬೇಕಾದ ಖಾಸಗಿ ನರ್ಸಿಂಗ್ ಹೋಮ್ ಒಂದಕ್ಕೆ ಸೇರಿದಳು. ತಿದ್ದುವುದೆಲ್ಲ ಮುಗಿದ ಮೇಲೆ ಮೆಣಸಿನಕಾಯಿ, ಬ್ರೇಕು ಇಬ್ಬರ ಮದುವೆ ನೋಂದಣಿ ಕಚೇರಿಯಲ್ಲಿ ಆಯಿತು. ಅಕ್ಕನೂ ಹಿರಿಯ ಸಿಸ್ಟರೂ ಸಾಕ್ಷಿಗೆ ಸಹಿ ಹಾಕಿದರು. ಹೆರಿಗೆ ವಾರ್ಡನ್ನು ಅಷ್ಟರಲ್ಲಿ ಮುಚ್ಚಿದ್ದರು.